ಕಾರಿಗೆ ತುಂಬಿದ ಉಡಿ

ಕರಕರ ಸದ್ದು ಒಂದೇ ಸಮನೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಂದು, ನಿಂತು, ಮನೆಯಲ್ಲಿ ಯಾರಾದರೂ ಎದ್ದರೇನೋ ಎಂದು ಆಲಿಸಿದಂತೆ ಸುಮ್ಮನಿದ್ದು, ಮತ್ತೆ ಶುರುವಾಗುತ್ತಿತ್ತು. ರೇಣುಕಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಗೋಡೆಯ ಗಡಿಯಾರದಲ್ಲಿ ಒಂದೂವರೆ.

"ರೀ, ಕೇಳಸಾಕತ್ತೈತೇನ್ರಿ? ಹೊರಗ ಏನೋ ಸಪ್ಪಳ."

ತಿರುಪತಿ ಕಣ್ಣು ತೆರೆಯಲಿಲ್ಲ. "ಇಲಿ. ಕಟ್ಟಿ ಮ್ಯಾಲ ಭತ್ತದ ಚೀಲ ಅದಾವಲ್ಲ."

"ಚೀಲದ ಕಡಿಂದ ಅಲ್ಲ. ಕಾರಿನ ಕಡಿಂದ ಬರಾಕತ್ತೈತಿ."

"ಕಾರು ತಿನ್ನೂ ಇಲಿ ಗಂಗಾವತ್ಯಾಗ ಇನ್ನಾ ಹುಟ್ಟಿಲ್ಲ. ಮಲ್ಕೊ. ಬೆಳಗ್ಗೆ ಆಫೀಸಿನ್ಯಾಗ ನನಗ ಮೀಟಿಂಗ್ ಐತಿ."

ಅವಳು ಕಿಟಕಿಗೆ ಹೋಗಿ ನೋಡಿದಳು. ಬೂದು ಹೊದಿಕೆ ಹೊದ್ದು ಕಾರು ನಿಂತಿತ್ತು. ಆ ಹೊದಿಕೆಯನ್ನು ಯಾರೂ ಮುಟ್ಟಬಾರದೆಂದು ಮೈದುನ ಸುಭಾಷ್ ಹೇಳಿದ್ದ, ಗೀರು ಬೀಳುತ್ತದಂತೆ. ಸುಭಾಷನನ್ನು ಎಬ್ಬಿಸಿದರೆ, ಒಂಬತ್ತು ದಿನದ ಹಿಂದೆ ಅತ್ತೆಯೂ ತಾನೂ ಸೇರಿ ಮಾಡಿದ್ದನ್ನು ಹೇಳಬೇಕಾಗುತ್ತಿತ್ತು. ಬಂದು ಮಲಗಿದಳು.

ಹನುಮನಹಳ್ಳಿಯ ಹತ್ತಿರ ಆ ಮನೆತನಕ್ಕೆ ಮೂರು ಎಕರೆ ಬಾಳೆತೋಟವಿತ್ತು. ಅಂಜನಾದ್ರಿಗೆ ಬರುವ ಜನ ಹೆಚ್ಚಾದ ಮೇಲೆ ಸುಭಾಷ್ ಬಾಳೆ ಕೀಳಿಸಿ ಹನ್ನೆರಡು ಕಾಟೇಜು ಕಟ್ಟಿಸಿದ. ಶನಿವಾರ ಹೈದರಾಬಾದಿನಿಂದ ಬರುವವರಲ್ಲಿ ಕೆಲವರು ನೆಲಕ್ಕೆ ಅಂಟಿಕೊಂಡಂತಿದ್ದ, ಗುಡುಗುವ ಕಾರುಗಳಲ್ಲಿ ಬರುತ್ತಿದ್ದರು. ಅವರಿಗೆ ಗೇಟು ತೆಗೆದು ತೆಗೆದು, ಎರಡು ವರ್ಷಕ್ಕೆ ಅವನೂ ಅಂಥದೊಂದನ್ನು ತಂದ. ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು. ಓಣಿಯ ಹಂಪು ದಾಟಿಸಲು ಪ್ರತಿ ಸಲ ಗಾಲಿಯ ಕೆಳಗೆ ಎರಡು ಹಲಗೆ ಇಡಬೇಕಾಗುತ್ತಿತ್ತು.

ಮಾವ ಗ್ಯಾನಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಇಷ್ಟು ರೊಕ್ಕಕ್ಕ ಎರಡ ಬಾಗಲಾ? ನಮ್ಮ ದನದ ಮನಿಗೆ ಮೂರು ಅದಾವ. ನಿಮ್ಮವ್ವನ್ನ ಹುಲಿಗೆಮ್ಮನ ಗುಡಿಗೆ ಹೆಂಗ ಕರಕೊಂಡು ಹೋಗಾಂವಪ, ಮ್ಯಾಲ ಹಗ್ಗಾ ಹಾಕಿ ಕಟ್ಟಿಕೊಂಡೇನು?"

"ಅಪ್ಪಾ, ಇದು ಸ್ಪೋರ್ಟ್ಸ್ ಕಾರು. ಮಂದಿ ಹೇರೂ ಗಾಡಿ ಅಲ್ಲ. ಸ್ಟೇರಿಂಗ್ ನೋಡಿಲ್ಲೆ, ಒಂದು ಬೆಳ್ಳಿಲೆ ತಿರುಗತೈತಿ," ಎಂದು ಸುಭಾಷ್ ತೋರುಬೆರಳು ಎತ್ತಿದ.

"ಬೆಳ್ಳಿಲೆ ತಿರುಗಿಸಾಂವಗ ದೇವ್ರು ರಟ್ಟಿ ಯಾಕ ಕೊಟ್ಟಾನು?" ಎಂದ ಗ್ಯಾನಪ್ಪ. ಮೂವತ್ತು ವರ್ಷ ಅವನು ಹಳೆಯ ಟ್ರ್ಯಾಕ್ಟರಿನ ಬಿಗಿ ಸ್ಟೇರಿಂಗ್ ತಿರುವಿದವನು. ಈಗಲೂ ಅವನ ಮುಂಗೈ ಮಕ್ಕಳಿಬ್ಬರ ಮುಂಗೈಗಿಂತ ದಪ್ಪ.

ಸುಭಾಷನ ಮದುವೆಯಾಗಿ ಆಗ ಎರಡು ತಿಂಗಳು. ಹುಡುಗಿ ಅನುಷಾ, ಬೇವೂರಿನವಳು. ಸಜ್ಜೆ, ತೊಗರಿ ಬೆಳೆಯುವ ಒಣಭೂಮಿಯ ಕಡೆಯಿಂದ ಕಾಲುವೆ ನೀರಿನ ಊರಿಗೆ ಬಂದವಳು. ಬಂದ ವಾರದಲ್ಲೇ, "ಅಕ್ಕಾ, ಇಲ್ಲಿ ಮೂರೂ ಹೊತ್ತು ಅನ್ನ ಉಣ್ತಾರಲ್ಲ, ನಿಮಗ ಹೊಟ್ಟಿ ತುಂಬಿದ್ದು ಗೊತ್ತಾಕ್ಕೈತಾ?" ಎಂದು ಕೇಳಿ ರೇಣುಕಾಳನ್ನು ನಗಿಸಿದ್ದಳು. ಅತ್ತೆ ಗಾಳೆಮ್ಮ ಕಾರು ಬಂದ ದಿನ ಓಣಿಯವರಿಗೆಲ್ಲ, "ಒಂದ ವರ್ಷ ಎರಡು ಲಕ್ಷ್ಮಿ ಬಂದ್ವು ನೋಡ್ರಿ ನಮ್ಮ ಮನಿಗೆ," ಎಂದು ಹೇಳಿಕೊಂಡು ಬಂದಳು.

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಎತ್ತುಗಳ ಪೂಜೆ ಮುಗಿಸಿದ ಗಾಳೆಮ್ಮ ಅಡಿಗೆಮನೆಗೆ ಬಂದು ದನಿ ತಗ್ಗಿಸಿದಳು.

"ರೇಣುಕಾ, ಕಾರಿಗೆ ಉಡಿ ತುಂಬಬೇಕು. ಅಂವ ಮಲಗ್ಯಾನ, ಏಳೂದ್ರಾಗ ಮುಗಸೂಣ."

"ಬ್ಯಾಡತ್ತಿ. ಕುಂಕುಮ ಹಚ್ಚಿದ್ರ ಕಲಿ ಆಕ್ಕೈತಿ ಅಂತ ಮೊನ್ನೆ ಎಷ್ಟು ಒದರ್ಯಾಡಿದ."

"ಕುಂಕುಮ ಹಚ್ಚೂದಿಲ್ಲ. ಗಂಟು ಕಟ್ಟಿ ಒಳಗ ಇಡೂದು. ಟ್ರ್ಯಾಕ್ಟರ್ ಬಂದಾಗೂ ಇಟ್ಟಿದ್ದೆ. ಮೂವತ್ತು ವರ್ಷಾತು, ಒಂದು ನಟ್ಟು ಸೈತ ಸಡಲಿಲ್ಲ. ಹೊಸದಾಗಿ ಬಂದಾಕಿನ್ನ ಬರಿ ಉಡೀಲೆ ಇಡತಾರೇನು?"

ಕೆಂಪು ಕುಬಸದ ಖಣದಲ್ಲಿ ಐದು ಹಿಡಿ ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಮುಷ್ಟಿಯಷ್ಟು ಬೆಲ್ಲ ಇಟ್ಟು ಗಾಳೆಮ್ಮ ಗಂಟು ಕಟ್ಟಿದಳು. ಸೀಟಿನ ಮೇಲಿಟ್ಟರೆ ಅವನಿಗೆ ಕಾಣುತ್ತದೆ.

"ಇದರ ಹೊಟ್ಟಿ ಎಲ್ಲೈತಿ? ನೀ ಓದಿದಾಕಿ, ತಗಿ."

ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಸುಭಾಷನಿಗೆ ಓದಿ ಹೇಳಿದವಳು ರೇಣುಕಾಳೇ. ಕೊಪ್ಪಳದ ಕಾಲೇಜೊಂದರಲ್ಲಿ ಅವಳು ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಬಾನೆಟ್ಟಿನ ಹಿಡಿಕೆ ಎಲ್ಲಿದೆ ಎಂದು ಮನೆಯಲ್ಲಿ ಅವನನ್ನು ಬಿಟ್ಟರೆ ಅವಳಿಗಷ್ಟೇ ಗೊತ್ತು. ಗೋಡೆಯ ಗೂಟದಿಂದ ಕೀಲಿ ತಂದು, ಹೊದಿಕೆ ಸರಿಸಿ ಬಾನೆಟ್ಟು ತೆಗೆದಳು. ಕಪ್ಪು ಡಬ್ಬಿಯೊಂದರ ಪಕ್ಕದ ಸಂದಿಯಲ್ಲಿ ಗಂಟನ್ನು ಒತ್ತಿ ಸಿಗಿಸಿದಳು.

"ಗಟ್ಟಿ ಸಿಗಸು. ಬೀಳಬಾರದು."

ಮೇಲಿನ ಕಿಟಕಿಯಲ್ಲಿ ಅನುಷಾ ಕೂದಲು ಆರಿಸಿಕೊಳ್ಳುತ್ತ ನಿಂತಿದ್ದಳು. "ಅಕ್ಕಾ, ನನಗ ತುಂಬಿದ್ದಕ್ಕಿಂತ ಜಾಸ್ತಿ ಕೊಬ್ಬರಿ ಹಾಕೀರಲ್ರಿ ಅದಕ್ಕ!"

"ಬಾಯಿ ಮುಚ್ಚಬೇ, ನಿನ್ನ ಗಂಡ ಎದ್ದಾನು," ಎಂದು ಗಾಳೆಮ್ಮ ಕೈ ಎತ್ತಿದಳು. ಮೂವರೂ ನಕ್ಕರು.

ಕರಕರ ಸದ್ದು ಮತ್ತೆ ಎರಡು ರಾತ್ರಿ ಬಂತು. ಆಮೇಲೆ ಬರಲಿಲ್ಲ.

ಮುಂದಿನ ವಾರ, ಭಾನುವಾರ ಹನ್ನೊಂದು ಗಂಟೆಗೆ, ತಿರುಪತಿಯ ಫೋನಿಗೆ ಮೆಕಾನಿಕ್ ತೌಸೀಫನ ಕರೆ ಬಂತು. "ಅಣ್ಣಾರ, ಗಾಬರಿ ಆಗಬ್ಯಾಡ್ರಿ. ನಿಮ್ಮ ತಮ್ಮಂದು ಕಾರು ಗದ್ದ್ಯಾಗ ಹೊಕ್ಕೈತ್ರಿ. ಕಾಲುವಿ ಸೇತುವಿ ದಾಟಿ, ತಿರುವಿನ್ಯಾಗ. ಇಬ್ಬರೂ ಅರಾಮದಾರ. ಅಕ್ಕಾರ ಕೈಗೆ ಪೆಟ್ಟಾಗೈತಿ."

ತಿರುಪತಿ, ರೇಣುಕಾ ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಗ್ಯಾನಪ್ಪ ಟ್ರ್ಯಾಕ್ಟರು ತಂದು ನಿಲ್ಲಿಸಿದ್ದ. ನಾಟಿಗೆ ಕೆಸರು ಮಾಡಿಟ್ಟ ಗದ್ದೆಯಲ್ಲಿ ಕೆಂಪು ಕಾರು ಮೂಗಿನವರೆಗೆ ಹೂತಿತ್ತು. ನಾಟಿ ಹಚ್ಚುವ ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ಅನುಷಾ ಅವರ ನಡುವೆ ಕುಳಿತು ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದಿದ್ದಳು. ಮುಂಗೈ ಬಾತಿತ್ತು.

"ಏನಾತಲೇ?" ಎಂದ ಗ್ಯಾನಪ್ಪ.

ಸುಭಾಷನ ಮುಖ ಬಿಳಿಚಿತ್ತು. "ಟಣ್ ಅಂತ ಸಪ್ಪಳಾತು, ಹಳದಿ ದೀಪ ಹತ್ತಿತು. ಸ್ಟೇರಿಂಗ್ ಒಮ್ಮಿಗೇ ಕಲ್ಲಾತು ನೋಡಪ್ಪ. ತಿರುಗವಲ್ದು ಅಂದ್ರ ತಿರುಗವಲ್ದು."

ಗ್ಯಾನಪ್ಪ ತೌಸೀಫನ ಕಡೆ ನೋಡಿದ. "ಹಂಗ ಆಕ್ಕೈತೇನಪ?"

"ಆಕ್ಕೈತ್ರಿ. ಪವರ್ ಹೋಗಿರಬೇಕು. ಹೋದ್ರೂ ಪೂರ್ತಿ ಲಾಕ್ ಆಗಂಗಿಲ್ರಿ, ಬಿಗೀ ಆಕ್ಕೈತಿ ಅಷ್ಟ. ರಟ್ಟಿ ಬಲ ಹಚ್ಚಿ ತಿರುವಬೇಕು, ಮೆಲ್ಲಕ ಬ್ರೇಕ್ ಹೊಡದು ಬಾಜೂಕ ಹಚ್ಚಬೇಕು. ಜೋರು ಬರಾಕತ್ತಿದ್ರ ಗೊತ್ತಾಗೂದ್ರಾಗ..." ಎಂದು ಅವನು ಗದ್ದೆಯ ಕಡೆ ಕೈ ಮಾಡಿದ. "ಬಾನೆಟ್ ಮಾತ್ರ ನಾ ತಗಿಯಂಗಿಲ್ರಿ. ನಾ ಕೈ ಹಚ್ಚಿದ್ರ ನಿಮ್ಮ ವಾರಂಟಿ ಹೊಕ್ಕೈತಿ."

ಬದುವಿನ ಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು. ಗ್ಯಾನಪ್ಪ ಕೆಸರಿಗೆ ಉಗುಳಿದ.

"ಬಿಗೀ ಆದ್ರ ತಿರುವಾಕ ಬರಲಿಲ್ಲೇನಲೇ? ನಾ ಮೂವತ್ತು ವರ್ಷ ಏನು ತಿರುವೇನಿ, ನಿಮ್ಮವ್ವನ ರೊಟ್ಟಿ ಹಿಟ್ಟಾ? ಇಷ್ಟು ಮಂದಿ ಮುಂದ... ಗಂಡಸೇನಲೇ ನೀ?"

ಸುಭಾಷ್ ಹೆಂಡತಿಯ ಕಡೆ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿದ.

"ನಾ ತಿರುವತಿದ್ದೆನಪ್ಪ. ಇಕಿ ಹೆದರಿ ಹಿಡಕೊಂಡುಬಿಟ್ಲು."

"ಯಾರು? ನಾನಾ?" ಎಂದಳು ಅನುಷಾ. "ನಾ ಎಲ್ಲಿ ಹಿಡದೇನ್ರಿ? ನಾ ಮುಂದಿನ ಹಲಗಿಗೆ ಕೈ ಕೊಟ್ಟಿದ್ದೆ."

"ಹಿಡದಿ. ನಿನಗ ನೆನಪಿಲ್ಲ, ಹೆದರಿದ್ದಿ."

ಗ್ಯಾನಪ್ಪ ಟ್ರ್ಯಾಕ್ಟರಿನಿಂದ ಹಗ್ಗ ತಂದ. ಅದನ್ನು ಬಿಗಿಯಲು ಬಾಗಿದಾಗ ಅವನ ಮುಖದ ಗಂಟು ಸಡಿಲಾಗಿದ್ದನ್ನು ರೇಣುಕಾ ನೋಡಿದಳು.

ಅನುಷಾಳ ಮುಂಗೈ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ರಾತ್ರಿ ಊಟಕ್ಕೆ ಕುಳಿತಾಗ ಅವಳು ಎಡಗೈಯಲ್ಲಿ ಚಮಚ ಹಿಡಿದಳು.

"ಎಡಗೈಲೆ ಉಣ್ಣೂದು ಈ ಮನ್ಯಾಗ ನಾ ಕಂಡಿಲ್ಲ," ಎಂದಳು ಗಾಳೆಮ್ಮ, ಸಾರಿನ ಬೋಗುಣಿ ಕೆಳಗಿಡದೆ.

"ಮತ್ತ ಹೆಂಗ ಉಣ್ಣಲ್ರಿ ಅತ್ತಿ?"

"ಅದನ್ನ ಸ್ಟೇರಿಂಗ್ ಹಿಡಿಯೂ ಮುಂಚೆ ಯೋಚ್ನಿ ಮಾಡಬೇಕಿತ್ತು."

"ನಾ ಹಿಡಿದಿಲ್ಲ ಅಂತ ಎಷ್ಟು ಸಲ ಹೇಳಲಿ?"

"ಹಂಗಾರ ಬಲಗೈ ಯಾಕ ಮುರೀತು? ಅಂವ ಕುಂತದ್ದು ನಿನ್ನ ಬಲಕ್ಕ. ಸ್ಟೇರಿಂಗ್ ಇದ್ದದ್ದೂ ಬಲಕ್ಕ. ಎಡಗೈ ಯಾಕ ಮುರೀಲಿಲ್ಲ, ಹೇಳು ನೋಡೂಣ?"

ಅನುಷಾ ತನ್ನ ಪ್ಲಾಸ್ಟರಿನ ಕೈ ನೋಡಿಕೊಂಡಳು. ಸುಭಾಷ್ ಮೊಸರು ಕಲಸಿಕೊಳ್ಳುತ್ತಿದ್ದ. ರೇಣುಕಾ ಅನ್ನವನ್ನು ಸಣ್ಣ ತುತ್ತು ಮಾಡಿ ಅನುಷಾಳ ತಟ್ಟೆಯ ಅಂಚಿಗೆ ಜೋಡಿಸಿಟ್ಟು ಎದ್ದಳು.

ಆ ವಾರದಿಂದ ಮಾತು ಹೊರಳಿತು. ಕಾಟೇಜಿಗೆ ಬರಬೇಕಿದ್ದವರು ಬುಕಿಂಗ್ ರದ್ದು ಮಾಡಿದರೆ ಅನುಷಾಳ ಕಾಲ್ಗುಣ. ಹಾಲು ಉಕ್ಕಿದರೆ ಅನುಷಾಳ ಕಾಲ್ಗುಣ. "ನಾ ಉಡಿ ತುಂಬಿದ್ದಕ್ಕ ಜೀವ ಉಳೀತು. ಇಲ್ಲಂದ್ರ ಕಾಲುವ್ಯಾಗ ಬೀಳತಿದ್ರು," ಎಂದು ಗಾಳೆಮ್ಮ ರೇಣುಕಾಳ ಕಿವಿಯಲ್ಲಿ ಹೇಳಿ, "ಅಂವಗ ಮಾತ್ರ ಹೇಳಬ್ಯಾಡ, ಬೈತಾನ," ಎಂದು ಸೇರಿಸಿದಳು.

ಈ ಮಾತುಗಳೆಲ್ಲ ರೇಣುಕಾಳಿಗೆ ಬಾಯಿಪಾಠ. ಏಳು ವರ್ಷದ ಹಿಂದೆ ಅವಳು ಈ ಮನೆಗೆ ಬಂದ ಬೇಸಿಗೆಯಲ್ಲಿ ತೋಟದ ಬೋರು ಬತ್ತಿತ್ತು. ಏಳು ವರ್ಷ ಬೋರಿನ ಮಾತು ಅವಳ ತಟ್ಟೆಯ ಪಕ್ಕದಲ್ಲೇ ಇತ್ತು. ಈಗ ಎರಡು ವಾರದಿಂದ ಯಾರೂ ಬೋರಿನ ಸುದ್ದಿ ಎತ್ತಿರಲಿಲ್ಲ. ಅಷ್ಟೇ ಅಲ್ಲ, "ರೇಣುಕಾ ಬಂದಾಗಿಂದ ಒಂದು ಕಪ್ಪು ಸೈತ ಒಡದಿಲ್ಲ," ಎಂದು ಅತ್ತೆ ಹಾಲಿನವಳಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು.

ಕಾರನ್ನು ಲಾರಿಯ ಮೇಲೆ ಹೇರಿ ಹೈದರಾಬಾದಿನ ಶೋರೂಮಿಗೆ ಕಳಿಸಿದರು. ಸುಭಾಷ್ ಫೋನಿನಲ್ಲಿ ಅವರಿಗೆ ತೆಲುಗಿನಲ್ಲಿ ಎಷ್ಟು ಬೈದನೆಂದರೆ, ಇನ್ನು ಏನಿದ್ದರೂ ಬರವಣಿಗೆಯಲ್ಲೇ ಎಂದು ಅವರು ಇಟ್ಟುಬಿಟ್ಟರು.

"ವೈನಿ, ಇಂಗ್ಲಿಷ್‌ನ್ಯಾಗ ಒಂದು ಲೆಟರ್ ಬರೀರಿ. ನಿಮ್ಮ ಮೇಲ್‌ನಿಂದಾನ ಕಳಸ್ರಿ. ಹೊಸಾ ಗಾಡಿ, ನಲವತ್ತು ದಿನ ಆಗಿಲ್ಲ, ತನ್ನಷ್ಟಕ್ಕ ತಾನ ಸ್ಟೇರಿಂಗ್ ಫೇಲ್ ಆತು ಅಂತ ಜಬರದಸ್ತ್ ಬರೀರಿ."

ರೇಣುಕಾ ಅವನ ಮುಖ ನೋಡಿದಳು. "ತನ್ನಷ್ಟಕ್ಕ ತಾನ?"

"ಹೌದು ಮತ್ತ."

"ಅನುಷಾ ಹಿಡದಿದ್ದು ಬರೀಬೇಕಾ?"

ಅವನು ಫೋನಿನ ಕಡೆ ಕಣ್ಣು ಇಳಿಸಿದ. "ಮನಿ ಮಾತು ಅವರಿಗ್ಯಾಕ?"

ಅವಳು ಬರೆದಳು. ಪತ್ರದಲ್ಲಿ ತಪ್ಪು ಕಾರಿನದಾಯಿತು, ಮನೆಯಲ್ಲಿ ಅನುಷಾಳದು.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ಗಾಳೆಮ್ಮ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿದಳು. ಡಬ್ಬಿಯ ಜೊತೆ ಅನುಷಾಳ ಸೀರೆಗಳೆಲ್ಲ ಬ್ಯಾಗಿಗೆ ಹೋದವು.

"ಅತ್ತಿ, ನಾಕ ದಿನಕ್ಕ ಇಷ್ಟು ಸೀರಿ ಯಾಕ್ರಿ?"

"ಕೈ ನೆಟ್ಟಗಾಗೂತನ ಅರಾಮ ಇದ್ದು ಬಾ. ಇಲ್ಲಿ ನಿನಗ ಮಾಡಿ ಹಾಕೋರು ಯಾರು? ರೇಣುಕಾ ಕಾಲೇಜಿಗೆ ಹೊಕ್ಕಾಳ."

ಸುಭಾಷ್ ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ. ರೇಣುಕಾಳೇ ಹೋಗಿ ಯಲಬುರ್ಗಾ ಬಸ್ಸಿನಲ್ಲಿ ಕೂರಿಸಿ ಬಂದಳು. ಬಸ್ಸು ಹೊರಡುವಾಗ ಅನುಷಾ ಎಡಗೈ ಹೊರಗೆ ಹಾಕಿ ಅವಳ ಕೈ ಹಿಡಿದಳು. "ಅಕ್ಕಾ, ಕಂಪನಿಯವರ ಕಾಗದ ಬಂದ ಕೂಡಲೇ ಫೋನ್ ಮಾಡ್ರಿ. ಸ್ಟೇರಿಂಗ್ ಕೆಟ್ಟಿತ್ತು ಅಂತ ಅವರು ಬರದ್ರ ಸಾಕು, ನಾ ಮರುದಿನಾನ ಬಸ್ ಹತ್ತತೀನಿ."

"ಮಾಡ್ತೀನಿ."

ಕಾಗದ ಬಂದದ್ದು ಪಂಚಮಿ ಕಳೆದು ಹತ್ತು ದಿನಕ್ಕೆ. ರೇಣುಕಾ ಕೊಪ್ಪಳದಿಂದ ಬರುವ ಬಸ್ಸಿನಲ್ಲಿ ಕುಳಿತು ಫೋನು ತೆರೆದಳು. ನಾಲ್ಕು ಪುಟದ ವರದಿ, ಆರು ಫೋಟೋ. ಸ್ಟೇರಿಂಗಿಗೆ ಬಲ ಕೊಡುವ ಮೋಟಾರಿನ ವೈರುಗಳನ್ನು ಇಲಿ ಕಡಿದಿದೆ. ಕಡಿದ ಕಡೆ ತೇವ ಹೊಕ್ಕು, ಓಡುವಾಗಲೇ ಸಂಪರ್ಕ ಪೂರ್ತಿ ಕಡಿದುಹೋಗಿದೆ. ಪಕ್ಕದಲ್ಲಿ ಬಟ್ಟೆಯ ಗಂಟು ಸಿಕ್ಕಿದೆ. ಅದರಲ್ಲಿ ತಿನ್ನುವ ಪದಾರ್ಥಗಳಿದ್ದವು. ಇಲಿ ಅದಕ್ಕೇ ಬಂದಂತಿದೆ. ಇದು ತಯಾರಿಕೆಯ ದೋಷವಲ್ಲ. ವಾರಂಟಿ ಅನ್ವಯಿಸುವುದಿಲ್ಲ.

ಐದನೆಯ ಫೋಟೋದಲ್ಲಿ ಕೆಂಪು ಖಣದ ಚೂರು, ಅರ್ಧ ತಿಂದ ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು. ಅರಿಷಿಣ ಕೊಂಬನ್ನು ಇಲಿ ಮುಟ್ಟಿರಲಿಲ್ಲ.

ಅವಳು ಊರು ಬರುವವರೆಗೆ ಅದನ್ನೇ ನೋಡುತ್ತ ಕುಳಿತಳು. ಅನುಷಾಳ ನಂಬರು ತೆಗೆದಳು, ಮುಚ್ಚಿದಳು. ಮೊದಲು ಸುಭಾಷನಿಗೆ ತೋರಿಸಬೇಕು, ಕಾರು ಅವನದು ಎಂದು ತನಗೆ ತಾನೇ ಹೇಳಿಕೊಂಡಳು.

ಅವನು ಮಹಡಿಯ ಮೇಲೆ ಒಬ್ಬನೇ ಇದ್ದ. ಫೋಟೋ ನೋಡಿದ. ದೊಡ್ಡದು ಮಾಡಿ ಮತ್ತೆ ನೋಡಿದ.

"ಇದು... ಅವ್ವನ ಕೆಲಸ."

"ಹೌದು. ಅಮಾಸಿ ದಿನ."

"ಹುಚ್ಚು ಮುದುಕಿ!" ಎಂದು ಅವನು ಗೋಡೆಗೆ ಗುದ್ದಿದ. ಕೈ ಒರೆಸಿಕೊಂಡು ತಿರುಗಿದ. ಈಗ ದನಿ ಬೇರೆಯಾಗಿತ್ತು. "ವೈನಿ, ಅವ್ವಗ ಬಾನೆಟ್ ತಗಿಯಾಕ ಬರಂಗಿಲ್ಲ. ಯಾರು ತಗದ್ರು?"

ರೇಣುಕಾ ಮೆಟ್ಟಿಲ ಕಡೆ ನೋಡಿದಳು.

"ನೀವ ಪುಸ್ತಕ ಓದಿ ಹೇಳಿದ್ರಿ. ಹಿಡಿಕಿ ಎಲ್ಲೈತಿ ಅಂತ ನಿಮಗ ಗೊತ್ತಿತ್ತು."

"ಅತ್ತಿ ಹೇಳಿದ್ರು, ನಾ ಮಾಡಿದೆ. ಈಗ ಅದಲ್ಲ ಮಾತು. ಸ್ಟೇರಿಂಗ್ ಖರೇನ ಕೆಟ್ಟಿತ್ತು ಅಂತ ಇದರಾಗ ಐತಿ. ಅನುಷಾಂದು ತಪ್ಪಿಲ್ಲ. ನಿನಗ ಮೊದಲ ಗೊತ್ತಿತ್ತು."

"ಗೊತ್ತಿತ್ತು. ಏನು ಮಾಡಲಿ? ಅಪ್ಪ ನಾಟಿ ಹೆಂಗಸರ ಮುಂದ ಗಂಡಸೇನಲೇ ಅಂದ. ಬಾಯಿಗೆ ಬಂದದ್ದು ಹೇಳಿದೆ. ಈಗ ಅಲ್ಲ ಅಂದ್ರ, ಅಪ್ಪನ ಮುಂದ ಮತ್ತೊಮ್ಮೆ ಸಾಯಬೇಕು."

"ಅಕಿ ಬೇವೂರಾಗ ಕುಂತಾಳ ಸುಭಾಷ್."

"ಕರಕೊಂಡು ಬರೂಣಲ್ಲ. ನಾ ಬ್ಯಾಡ ಅಂದೀನೇನು? ಅವ್ವ ಸ್ವಲ್ಪ ತಣ್ಣಗಾಗಲಿ." ಅವನು ಫೋನನ್ನು ಅವಳ ಕೈಗೆ ಹಿಂದಿರುಗಿಸಿದ. "ನೋಡ್ರಿ ವೈನಿ, ಇದು ಹೊರಗ ಬಂದ್ರ ಅವ್ವ ತಾ ಮಾಡಿದ್ದು ಅಂತ ಒಪ್ಪತಾಳೇನು? ರೇಣುಕಾ ಬಾನೆಟ್ ತಗದ್ಲು, ರೇಣುಕಾ ವೈರಿನ ಬಾಜೂಕ ಸಿಗಿಸಿದ್ಲು ಅಂತಾಳ. ಬೋರು ಬತ್ತಿಸಿದಾಕಿ ಕಾರೂ ಕೆಡಿಸಿದ್ಲು ಅಂತಾಳ. ನಿಮಗ ಬೇಕಾ ಅದು?"

ಕೆಳಗಿನಿಂದ ಗಾಳೆಮ್ಮ ಕೂಗಿದಳು. "ಏ ರೇಣುಕಾ, ರೊಟ್ಟಿ ಆರತಾವ, ಬರ್ರಿ ಇಬ್ಬರೂ."

ಪುಂಡಿಪಲ್ಯ, ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ. ಗ್ಯಾನಪ್ಪ ಅರ್ಧ ರೊಟ್ಟಿ ಮುಗಿಸಿ ಕೇಳಿದ. "ಕಂಪನಿಯವರು ಏನಂತಾರ? ಕಾಗದ ಬಂತೇನು?"

ಸುಭಾಷ್ ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. "ಬಂದೈತಿ. ವೈನಿ ಓದ್ಯಾರ."

ಎಲ್ಲರೂ ರೇಣುಕಾಳ ಕಡೆ ನೋಡಿದರು. ತಿರುಪತಿಯೂ ನೋಡಿದ. ಅವಳು ಮಾತನ್ನು ಆರಿಸಿಕೊಂಡಳು.

"ಕಂಪನಿ ತಪ್ಪು ಅಲ್ಲ ಅಂತ ಬರದಾರ್ರಿ ಮಾವ. ಗಾಡಿ ಮಾಡಿದ್ದರಾಗ ದೋಷ ಇಲ್ಲಂತ."

"ನಾ ಹೇಳಲಿಲ್ಲೇನ?" ಎಂದು ಗಾಳೆಮ್ಮ ರೊಟ್ಟಿಯ ಬುಟ್ಟಿಯನ್ನು ನೆಲಕ್ಕೆ ಕುಟ್ಟಿದಳು. "ಅಷ್ಟು ದೊಡ್ಡ ಕಂಪನಿ, ಅವರೇನು ಸುಳ್ಳು ಹೇಳತಾರ? ಹಿಡಕೊಂಡಾಕಿ ಅಕೀನ. ಮ್ಯಾಲ ನಮಗ ಎದುರು ಮಾತು!"

ರೇಣುಕಾ ಇನ್ನೊಂದು ರೊಟ್ಟಿ ತೆಗೆದುಕೊಂಡಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೂರನೆಯ ದಿನ ಅನುಷಾಳೇ ಫೋನು ಮಾಡಿದಳು. ರೇಣುಕಾ ಕಾಲೇಜಿನ ಮೆಟ್ಟಿಲ ಮೇಲೆ ನಿಂತಿದ್ದಳು.

"ಅಕ್ಕಾ, ಕಾಗದ ಬಂದೈತಂತಲ್ಲ? ಅತ್ತಿ ನಮ್ಮಪ್ಪಗ ಫೋನ್ ಮಾಡಿ ಏನೇನೋ ಅಂದ್ರು. ನೀವ ಓದಿದ್ರಂತ?"

"ಹೂಂ. ಕಂಪನಿ ತಪ್ಪಲ್ಲ ಅಂತ ಬರದಾರ."

"ಅದಲ್ರಿ. ಸ್ಟೇರಿಂಗ್ ಬಿಗೀ ಆಗಿದ್ದರ ಬಗ್ಗೆ ಏನು ಬರದಾರ? ನನ್ನ ಕಣ್ಣಮುಂದ ಹಳದಿ ದೀಪ ಹತ್ತಿತ್ತು ಅಕ್ಕಾ."

ಮೆಟ್ಟಿಲಿನಲ್ಲಿ ಹುಡುಗಿಯರು ನಗುತ್ತ ಇಳಿದುಹೋದರು. ರೇಣುಕಾ ಅವರು ದಾಟುವವರೆಗೆ ಕಾದಳು.

"ಅದನ್ನೇನೂ ಬರದಿಲ್ಲವ್ವ," ಎಂದಳು. ಇದು ಸುಳ್ಳು. ನಾಲಿಗೆ ತೊದಲಲಿಲ್ಲ.

"ಅರಾಮದೀರಾ ಅಕ್ಕಾ? ಬಸ್ಸಿನ್ಯಾಗ ದಿನಾ ಅಡ್ಡಾಡಿ ದಣೀತೀರಿ," ಎಂದು ಹೇಳಿ ಅನುಷಾ ಫೋನು ಇಟ್ಟಳು.

ಗಣೇಶ ಚೌತಿಗೆ ಒಂದು ವಾರ ಮುಂಚೆ ಅನುಷಾಳ ಅಪ್ಪ ಕುಬೇರಪ್ಪ ಒಬ್ಬನೇ ಬಂದ. ಕೈಯಲ್ಲಿ ಹೊಸ ಸಜ್ಜೆಯ ಸಣ್ಣ ಚೀಲ, ಅದರ ಮೇಲೆ ಪೇಪರಿನಲ್ಲಿ ಸುತ್ತಿದ ಕಡಕ್ ರೊಟ್ಟಿ. ಪಡಸಾಲೆಯ ಕುರ್ಚಿಯ ಅಂಚಿನಲ್ಲಿ ಕುಳಿತ.

"ಬೀಗ್ರ, ಹುಡುಗಿ ಕೈ ನೆಟ್ಟಗಾಗೈತಿ. ಪ್ಲಾಸ್ಟರ್ ಬಿಚ್ಯಾರ. ನೀವು ಹೂಂ ಅಂದ್ರ..."

ಗ್ಯಾನಪ್ಪ ಹೆಂಡತಿಯ ಕಡೆ ನೋಡಿದ. ಗಾಳೆಮ್ಮ ಸೆರಗು ಸರಿಮಾಡಿಕೊಂಡಳು.

"ನಾವೇನು ಬ್ಯಾಡ ಅಂದಿಲ್ರಿ. ಬಂದು ಎಲ್ಲರ ಮುಂದ ಒಂದು ಮಾತು ಹೇಳಲಿ. ಹೌದು, ನಾ ಹೆದರಿ ಸ್ಟೇರಿಂಗ್ ಹಿಡದೆ, ತಪ್ಪಾತು ಅಂತ. ಅಲ್ಲಿಗೆ ಮುಗೀತು."

"ನನ್ನ ಮಗಳು ಸುಳ್ಳು ಹೇಳಾಕಿ ಅಲ್ರಿ ಬೀಗ್ತಿ."

"ಹಂಗಾರ ನನ್ನ ಮಗ ಸುಳ್ಳ ಹೇಳ್ಯಾನೇನು? ಕಂಪನಿಯವರು ಸುಳ್ಳ ಬರದಾರೇನು? ಇಂಗ್ಲಿಷ್ ಓದಿದಾಕಿ ನಿಂತಾಳಲ್ಲ, ಕೇಳ್ರಿ ಅಕಿನ್ನ."

ಕುಬೇರಪ್ಪ ರೇಣುಕಾಳ ಕಡೆ ತಿರುಗಿದ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳು ಮುಂದೆ ಬಂದು ಕಪ್ಪನ್ನು ಅವನ ಕೈಗೆ ಕೊಟ್ಟಳು.

"ಆರತೈತ್ರಿ, ಕುಡೀರಿ," ಎಂದಳು.

ಅವನು ಅರ್ಧ ಕುಡಿದು ಇಟ್ಟ. ಅವನ ಮನೆಯಲ್ಲಿ ಇನ್ನೊಬ್ಬ ಮಗಳು, ಹೇಮಾವತಿ. ಕುಷ್ಟಗಿಯ ಕಡೆಯಿಂದ ಅವಳನ್ನು ನೋಡಲು ಬರುವವರಿದ್ದರು. ಅಕ್ಕ ತವರಿನಲ್ಲಿ ಕುಳಿತಿದ್ದರೆ ತಂಗಿಯನ್ನು ಯಾರು ಕೇಳುತ್ತಾರೆ? ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಗಾಳೆಮ್ಮನೇ ಹೇಳಿದಳು. "ಸಣ್ಣಾಕಿಗೂ ನೋಡಾಕತ್ತೀರಂತಲ್ಲ, ದೊಡ್ಡಾಕಿದು ಮೊದಲು ಸೂತ್ರಕ್ಕ ಹಚ್ಚಿಕೋರಿ."

"ಕಳಸ್ತೀನ್ರಿ," ಎಂದು ಕುಬೇರಪ್ಪ ಎದ್ದ.

ಸೋಮವಾರ ಅವನೇ ಮಗಳನ್ನು ಕರೆತಂದ. ಅನುಷಾ ತೆಳ್ಳಗಾಗಿದ್ದಳು. ಬಲಗೈ ಎಡಗೈಗಿಂತ ಬೆಳ್ಳಗೆ, ಸಣ್ಣಗೆ ಕಾಣುತ್ತಿತ್ತು. ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದರು. ಅವಳು ಕಂಬದ ಹತ್ತಿರ ನಿಂತು, ಶಾಲೆಯ ಮಕ್ಕಳು ಪದ್ಯ ಒಪ್ಪಿಸುವಂತೆ ಹೇಳಿದಳು.

"ನಾ ಹೆದರಿ ಸ್ಟೇರಿಂಗ್ ಹಿಡದೆ. ತಪ್ಪಾತು."

ಸುಭಾಷ್ ಫೋನಿನಲ್ಲಿ ಏನನ್ನೋ ಒತ್ತುತ್ತಿದ್ದ. ರಿಪೇರಿಯಾದ ಕಾರನ್ನು ಅವನು ಅಲ್ಲಿಯೇ ಹೈದರಾಬಾದಿನಲ್ಲಿ ಮಾರಲು ಹಚ್ಚಿದ್ದ. ಗ್ಯಾನಪ್ಪ ಮೀಸೆ ಸವರಿಕೊಂಡ. "ಆತು ಬಿಡವ್ವ. ಹೆಣ್ಣುಮಗಳು, ಹೆದರಿಕೊಂಡಿ. ಅದಕ್ಯಾಕ ಅಷ್ಟು. ನನ್ನ ಮಗನ ರಟ್ಟ್ಯಾಗ ಬಲ ಇಲ್ಲಂತ ಮಂದಿ ಆಡಿಕೊಂಡ್ರಲ್ಲ, ಅದು ಮನಸಿಗೆ ಹತ್ತಿತ್ತು."

ಕುಬೇರಪ್ಪ ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೊರಟ. ಇನ್ನೂ ಹನ್ನೊಂದೂವರೆ. ಯಲಬುರ್ಗಾಕ್ಕೆ ಸಂಜೆಯವರೆಗೂ ಬಸ್ಸುಗಳಿದ್ದವು.

ಗಾಳೆಮ್ಮನಿಗೆ ಉತ್ಸಾಹ ಬಂದಿತ್ತು. "ರೇಣುಕಾ, ಉಡಿ ಸಾಮಾನು ತಾ. ತಿರುಗಿ ಮನಿ ತುಂಬ್ಯಾಳ. ಎರಡು ಕೊಬ್ಬರಿ ಬಟ್ಟಲ ತಾ, ಒಂದು ಬ್ಯಾಡ."

ಅನುಷಾ ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ರೇಣುಕಾ ತಟ್ಟೆ ಹಿಡಿದಳು. ಗಾಳೆಮ್ಮ ಒಂದೊಂದೇ ಹಾಕಿದಳು: ಐದು ಹಿಡಿ ಅಕ್ಕಿ, ಎರಡು ಬಟ್ಟಲು ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಬೆಲ್ಲ. ಕೊನೆಗೆ ಕೆಂಪು ಖಣ. ಆ ಥಾನಿನಲ್ಲಿ ಉಳಿದಿದ್ದ ಇನ್ನೊಂದು ತುಂಡು ಅದು.

ಗಾಳೆಮ್ಮ ಆರತಿ ತರಲು ದೇವರಮನೆಗೆ ಹೋದಳು. ಅನುಷಾ ತನ್ನ ಮಡಿಲು ನೋಡಿಕೊಂಡಳು.

"ಈ ಸಲ ಕಾರಿಗೆ ಹಾಕಿದಷ್ಟ ಹಾಕೀರಿ ಅಕ್ಕಾ," ಎಂದಳು. ಮೊದಲಿನಂತೆ ನಗಿಸಲು ಹೇಳಿದ್ದಳು. ರೇಣುಕಾ ನಗಲಿಲ್ಲ. ಅನುಷಾ ಇನ್ನಷ್ಟು ದನಿ ತಗ್ಗಿಸಿದಳು.

"ಅಕ್ಕಾ, ಒಂದು ಕೇಳಲ್ಯಾ? ಎಲ್ಲಾರೂ ಅಂದು ಅಂದು, ನಾನೂ ಈಗ ಎಲ್ಲರ ಮುಂದ ಅಂದು, ಖರೇನ ಹಿಡದಿದ್ದೆನೇನೋ ಅನಸಾಕತ್ತೈತಿ. ಕಣ್ಣು ಮುಚ್ಚಿದ್ರ ನನ್ನ ಕೈ ಸ್ಟೇರಿಂಗಿನ ಮ್ಯಾಲ ಕಾಣತೈತಿ. ನಾ ಹಿಡದಿದ್ದೆನೇನ್ರಿ?"

ಬ್ಲೌಸಿನೊಳಗಿನ ಸಣ್ಣ ಪರ್ಸಿನಲ್ಲಿ ರೇಣುಕಾಳ ಫೋನಿತ್ತು. ಅದರಲ್ಲಿ ಆರು ಫೋಟೋ ಇನ್ನೂ ಇದ್ದವು. ಒಂದನ್ನು ತೆಗೆದು ತೋರಿಸಿದರೆ ಸಾಕಿತ್ತು. ದೇವರಮನೆಯಲ್ಲಿ ಗಾಳೆಮ್ಮ ಬೆಂಕಿಕಡ್ಡಿ ಗೀರುವ ಸದ್ದು ಕೇಳಿಸಿತು. ಒಮ್ಮೆ, ಮತ್ತೊಮ್ಮೆ.

"ಆಗಿದ್ದು ಆತು," ಎಂದಳು ರೇಣುಕಾ. "ಈಗ ಅದನ್ನ ನೆನೆಸಬ್ಯಾಡ. ಸೆರಗು ಗಟ್ಟಿ ಹಿಡಕೊ, ಅಕ್ಕಿ ಚೆಲ್ಲಾಕತ್ತಾವ."

ಅನುಷಾ ಗಟ್ಟಿ ಹಿಡಿದುಕೊಂಡಳು.

ಆರತಿ ಮುಗಿದ ಮೇಲೆ ರೇಣುಕಾ ಉಳಿದ ಸಾಮಾನು ಎತ್ತಿಕೊಂಡು ಅಡಿಗೆಮನೆಗೆ ಬಂದಳು. ಒಲೆಯ ಪಕ್ಕ ನಿಂತು ಫೋನು ತೆಗೆದು, ವರದಿಯನ್ನೂ ಆರು ಫೋಟೋಗಳನ್ನೂ ಅಳಿಸಿದಳು. ತಿರುಪತಿಗೂ ಹೇಳುವುದಿಲ್ಲ. ಮುಂದೆ, ಅತ್ತೆ ಇಲ್ಲದ ಕಾಲಕ್ಕೂ, ಅನುಷಾಳಿಗೆ ಹೇಳುವುದಿಲ್ಲ ಎಂದುಕೊಂಡಳು. ಆಮೇಲೆ ಉಳಿದ ಕೊಬ್ಬರಿಯನ್ನು ಸ್ಟೀಲಿನ ಡಬ್ಬಿಗೆ ಹಾಕಿ, ಇಲಿ ಬರದಂತೆ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿ, ಮೇಲಿನ ಹಲಗೆಯ ಮೇಲಿಟ್ಟಳು.